ಬಾನೆಟ್ಟು ಅವರಿಗೆ, ಸೀಟ್ ಕವರು ನನಗೆ

ಹಳೆಯ ಗಾಡಿ ಕೊಳ್ಳಲು ಹೋಗುವ ಹೆಂಗಸು ಯಾರ ಕಣ್ಣಿಗೂ ಕಾಣುವುದಿಲ್ಲ. ಇದನ್ನು ನಾನು ಸಿಟ್ಟಿನ ಭರದಲ್ಲಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮಾತು ನಿಜ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹುಡುಗಿ ಎಷ್ಟು ಓದಿದ್ದಾಳೆ, ಅಡುಗೆ ಬರುತ್ತದೆಯೇ, ಸ್ವಭಾವ ಹೇಗೆ ಎಂಬುದನ್ನೆಲ್ಲ ಎದುರಿಗೇ ಕೂತಿದ್ದ ನನ್ನನ್ನು ಬಿಟ್ಟು ನಮ್ಮ ಅಪ್ಪನನ್ನು ಕೇಳಿದ್ದರು. ಹೋಗಲಿ ಬಿಡು, ಇದು ಜನ್ಮಕ್ಕೆ ಒಮ್ಮೆ ಆಗುವಂಥದ್ದು ಎಂದು ನಾನು ಅವಲಕ್ಕಿ ತಟ್ಟೆ ಮುಂದಿಟ್ಟು ಸುಮ್ಮನಾಗಿದ್ದೆ. ತಪ್ಪು ತಿಳಿದಿದ್ದೆ. ಅದು ಇನ್ನೊಮ್ಮೆಯೂ ಆಗುತ್ತದೆ, ಡೀಸೆಲ್ ಪಿಕಪ್ ಕೊಳ್ಳಲು ಹೋದಾಗ. ಆಗ ನನ್ನ ಬಗ್ಗೆ ಅಪ್ಪನನ್ನು ಕೇಳಿದ್ದರು, ಈಗ ನನ್ನ ಗಾಡಿಯ ಬಗ್ಗೆ ಗಂಡನಿಗೆ ಹೇಳುತ್ತಾರೆ. ನಡುವೆ ಇಷ್ಟು ವರ್ಷ ಕಳೆದದ್ದಷ್ಟೇ ವ್ಯತ್ಯಾಸ.

ಪಿಕಪ್ ನನಗೇಕೆ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ. ಇಂಡಿಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಅದರಲ್ಲಿ ನಾನು ಮತ್ತು ಓಣಿಯ ಕೆಲವು ಹೆಂಗಸರು ಸೇರಿ ಜೋಳದ ಖಡಕ್ ರೊಟ್ಟಿ ಬಡಿಯುತ್ತೇವೆ. ನಮ್ಮ ರೊಟ್ಟಿ ಸಿಂದಗಿಗೆ ಹೋಗುತ್ತದೆ, ಬಸವನ ಬಾಗೇವಾಡಿಗೆ ಹೋಗುತ್ತದೆ, ತಾಳಿಕೋಟೆ ದಾಟಿ ಮುದ್ದೇಬಿಹಾಳಕ್ಕೂ ಹೋಗುತ್ತದೆ. ಹೋಗುವುದೇನೋ ಹೋಗುತ್ತದೆ, ಆದರೆ ಬಸ್ಸಿನಲ್ಲಿ. ಖಡಕ್ ರೊಟ್ಟಿಯ ಗುಣ ಗೊತ್ತಲ್ಲ, ಆರು ತಿಂಗಳು ಇಟ್ಟರೂ ಕೆಡುವುದಿಲ್ಲ, ಒಂದು ಗುದ್ದಿಗೆ ಮಾತ್ರ ಪುಡಿಯಾಗುತ್ತದೆ. ಒಂದು ದಿನ ಯಾರೋ ಪುಣ್ಯಾತ್ಮ ನನ್ನ ರೊಟ್ಟಿ ಪೆಟ್ಟಿಗೆಯ ಮೇಲೆ ಉಳ್ಳಾಗಡ್ಡಿ ಚೀಲ ಒಗೆದ. ಮುದ್ದೇಬಿಹಾಳದ ಖಾನಾವಳಿಯವರು ಪೆಟ್ಟಿಗೆ ಬಿಚ್ಚಿ ನನಗೆ ಫೋನು ಹಚ್ಚಿದರು. "ಅಕ್ಕಾರ, ರೊಟ್ಟಿ ಕಳಸೀರೋ ಚೂಡಾ ಕಳಸೀರೋ? ಇನ್ನೊಮ್ಮಿ ಹಿಂಗಾದ್ರ ನಾ ಬ್ಯಾರೆ ಕಡೆ ನೋಡ್ಕೋತೇನ್ರಿ" ಎಂದರು. ಅವರು ಬೇರೆ ಕಡೆ ನೋಡಿಕೊಂಡರೆ ನನ್ನ ಶೆಡ್ಡಿನ ಅರ್ಧ ಒಲೆ ಆರಿದಂತೆಯೇ. ಆ ಒಲೆಗಳ ಮುಂದೆ ಕೂರುವವರಿಗೆ ನಾನು ಏನು ಹೇಳಲಿ? ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ಅದಕ್ಕ ಒಂದೀಟು ಖಾರಾಪುಡಿ, ಸೇಂಗಾ ಹಾಕಿ ಖರೇನ ಚೂಡಾ ಅಂತ ಮಾರಬೇಕಿತ್ತು" ಎಂದು ನಕ್ಕರು. ನಾನು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಗಾಡಿಯ ವಿಷಯದಲ್ಲಿ ಅವರನ್ನು ದೇವರೇ ಕಾಪಾಡಬೇಕು. ಸ್ಕೂಟರಿನ ಹಿಂದೆ ಕೂತರೂ ಎರಡೂ ಕಾಲಿನಿಂದ ಬ್ರೇಕು ಒತ್ತುತ್ತಾರೆ, ಇಲ್ಲದ ಬ್ರೇಕು. ನಾನಾದರೋ ಭೀಮಾ ದಂಡೆಯ ದೇವಣಗಾಂವದವಳು. ಅಣ್ಣನ ಟ್ರ್ಯಾಕ್ಟರನ್ನು ಹೊಲದಲ್ಲಿ ಹೊಡೆದು ಹೊಡೆದು ಕೈ ಪಳಗಿಸಿಕೊಂಡವಳು. ಲೈಸೆನ್ಸ್ ನನ್ನದು, ದುಡಿಮೆ ನನ್ನದು, ಓಡಿಸುವವಳು ನಾನು. ಹೀಗಿದ್ದ ಮೇಲೆ ಗಾಡಿ ನೋಡಲು ಅವರನ್ನು ಯಾಕೆ ಕರೆದುಕೊಂಡು ಹೋದಿ ಎಂದು ನೀವು ಕೇಳಬಹುದು. ಭಾನುವಾರ ಮನೆಯಲ್ಲಿ ಬಿಟ್ಟರೆ ಬೆಳಗಿನಿಂದ ಸಂಜೆತನಕ ಚಹಾ ಕೇಳುತ್ತಾರೆ, ಅದಕ್ಕೆ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಬೆಲೆ ತೆರುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಮೊದಲು ಸಿಂದಗಿಗೆ ಹೋದೆವು. ಅಲ್ಲಿ ಊರ ಹೊರಗೆ ಹಳೆಯ ಗಾಡಿಗಳ ದಲಾಲನೊಬ್ಬನ ಜಾಗ. ಮೊಬೈಲಿಗೆ ಅವನು ಕಳಿಸಿದ್ದ ಫೋಟೋದಲ್ಲಿ ಗಾಡಿ ಮದುಮಗನ ಹಾಗೆ ಹೊಳೆಯುತ್ತಿತ್ತು. ಫೋನಿನಲ್ಲಿ ಅವನೊಡನೆ ಮಾತಾಡಿದ್ದವಳೂ ನಾನೇ. ಅಲ್ಲಿ ಇಳಿದದ್ದೇ ತಡ, ದಲಾಲ ನನ್ನನ್ನು ದಾಟಿಕೊಂಡು ಸೀದಾ ನಮ್ಮ ಮನೆಯವರ ಕೈ ಹಿಡಿದ. "ಬರ್ರಿ ಸರ್, ಬರ್ರಿ. ಕಂಡೀಷನ್ ಅಂದ್ರ ಕಂಡೀಷನ್. ಒಂದ ಕೈಯಾಗ ಓಡಿದ ಗಾಡಿ" ಎಂದು ಬಾನೆಟ್ ಎತ್ತಿ ಅವರಿಗೆ ತೋರಿಸಿದ. ನಮ್ಮ ಮನೆಯವರು ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಒಳಗೆ ಬಗ್ಗಿ ನೋಡಿ, "ಹ್ಞೂ" ಎಂದರು. ಆಮೇಲೆ ದಲಾಲನಿಗೆ ನಾನೂ ಇದ್ದೇನೆ ಎಂಬುದು ನೆನಪಾಯಿತು. ಬಾಗಿಲು ತೆಗೆದು, "ಅಕ್ಕಾರ, ನೀವು ಇಲ್ಲಿ ನೋಡ್ರಿ, ಸೀಟ್ ಕವರ್ ಹೊಸಾದು. ಹೂವಿನ ಡಿಜಾಯಿನ್ ಐತಿ" ಎಂದ. ಹೂವಿನ ಡಿಜಾಯಿನ್! ಎಂಜಿನ್ನಿನ ತಲೆ ಕಾಲು ತಿಳಿಯದ ಮನುಷ್ಯನಿಗೆ ಎಂಜಿನ್ ತೋರಿಸುತ್ತಾನೆ, ಟ್ರ್ಯಾಕ್ಟರ್ ಹೊಡೆದವಳಿಗೆ ಹೂವು ತೋರಿಸುತ್ತಾನೆ. ನನ್ನ ನೆತ್ತಿ ಅಲ್ಲಿಗೇ ಬಿಸಿಯಾಯಿತು.

"ಪಾಟಾ ಎಲ್ಲಾ ಹೊಸಾವು ಹಾಕ್ಸೇನ್ರಿ ಸರ್" ಎಂದ ದಲಾಲ. ನಮ್ಮ ಮನೆಯವರು ನನ್ನ ಕಿವಿಯ ಹತ್ತಿರ ಬಂದು, "ಅಡಗಿ ಮನಿ ಸಾಮಾನೂ ಕೊಡತಾನೇನು?" ಎಂದರು. ಇದರ ಅರ್ಥ ಹೇಳಬೇಕು. ನಮ್ಮ ಅತ್ತೆಯವರ ತವರು ಸೊಲ್ಲಾಪುರದ ಕಡೆ. ನಮ್ಮ ಮನೆಯ ಕನ್ನಡದಲ್ಲಿ ಕಾಲು ಭಾಗ ಮರಾಠಿ. ಮರಾಠಿಯಲ್ಲಿ ಪಾಟಾ ಎಂದರೆ ಚಟ್ನಿ ಅರೆಯುವ ಚಪ್ಪಟೆ ಕಲ್ಲು. ಗ್ಯಾರೇಜಿನವರ ಬಾಯಲ್ಲಿ ಪಾಟಾ ಎಂದರೆ ಗಾಡಿಯ ಹಿಂದಿನ ಗಾಲಿಗಳ ಮೇಲೆ ಬಿಲ್ಲಿನ ಹಾಗೆ ಬಾಗಿ, ಒಂದರ ಮೇಲೊಂದು ಕೂತು ಭಾರ ಹೊರುವ ಉಕ್ಕಿನ ಪಟ್ಟಿಗಳು. ನಾನು ಅಲ್ಲೇ ಅವರನ್ನು ಬಗ್ಗಿಸಿ ತೋರಿಸಿದೆ. "ಇವು ಪಾಟಾ. ಗಾಡಿ ಪಾಟಾ. ಚಟ್ನಿ ಅರಿಯೋದಲ್ಲ. ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?" ಎಂದು ದಲಾಲನಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಪಾಠ ಮಾಡಿದೆ. ಮಾಸ್ತರರು ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ನಾನು ಕೀಲಿ ಕೇಳಿದೆ. ದಲಾಲ ಕೀಲಿಯನ್ನು ಅವರ ಕೈಗೆ ಕೊಟ್ಟ. ಅವರು ಬಿಸಿ ಬಟಾಟಿ ಹಿಡಿದವರಂತೆ ಅದನ್ನು ನನ್ನ ಕೈಗೆ ದಾಟಿಸಿದರು. ದಲಾಲನ ಮುಖ ಇಳಿದುಹೋಯಿತು. "ಅಕ್ಕಾರ ಹೊಡೀತಾರೇನ್ರಿ? ಅಯ್ಯ, ಇವತ್ತ ಬ್ಯಾಡ್ರಿ. ನಾನ ಒಂದ ರೌಂಡ್ ಹಾಕಿ ತೋರಸ್ತೇನಿ" ಎಂದು ಕೀಲಿ ಕಸಿದುಕೊಂಡು ತಾನೇ ಕೂತ. ನಾನು ಪಕ್ಕದಲ್ಲಿ ಕೂತೆ. ಅವನು ಬಲಗೈಯಿಂದ ಸ್ಟೇರಿಂಗ್ ಹಿಡಿದಿದ್ದ, ಎಡಗೈ ಗೇರಿನ ಮೇಲೆಯೇ ಇತ್ತು. ಇಡೀ ದಾರಿ ಅಲ್ಲಿಂದ ತೆಗೆಯಲೇ ಇಲ್ಲ. ಎದುರಿಗೆ ಯಾರೋ ಪರಿಚಯದವರು ಸಿಕ್ಕಾಗ ಇವನು ಮರೆತು ಆ ಕೈ ಎತ್ತಿ ನಮಸ್ಕಾರ ಮಾಡಿದ. ಗೇರು ಟಪ್ ಎಂದು ಬಿಟ್ಟುಕೊಂಡು ಗಾಡಿ ಹೋ ಎಂದು ಅರಚಿತು. ಒಂದು ಕೈಯಲ್ಲಿ ಓಡಿದ ಗಾಡಿ ಎಂದರೆ ಒಬ್ಬನೇ ಮಾಲೀಕನ ಗಾಡಿ ಎಂದು ನಾನು ತಿಳಿದಿದ್ದೆ. ಅವನು ನಿಜವನ್ನೇ ಹೇಳಿದ್ದ ಪಾಪ. ಇನ್ನೊಂದು ಕೈ ಗೇರು ಹಿಡಿಯಲಿಕ್ಕೇ ಬೇಕು. ನಾನು ಇಳಿದು ಬಾಗಿಲು ಹಾಕಿದ ಸದ್ದಿಗೆ ಅಲ್ಲಿದ್ದ ನಾಯಿ ಎದ್ದು ಓಡಿತು.

ಮುಂದಿನ ಭಾನುವಾರ ಮುದ್ದೇಬಿಹಾಳ. ಈ ಸಲ ಗಾಡಿಯ ಮಾಲೀಕರೇ, ದಲಾಲನಲ್ಲ. ಬೇವಿನ ಗಿಡದ ಕೆಳಗೆ ತಣ್ಣಗೆ ಗಾಡಿ ನಿಲ್ಲಿಸಿದ್ದರು. ಡೀಸೆಲ್ ಗಾಡಿ ನೋಡಲು ಹೋದರೆ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ಅದರ ರೋಗವೆಲ್ಲ ಆಗಲೇ ಹೊರಬೀಳುವುದು. ನಾನು ಹೋದವಳೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ದಿನವೆಲ್ಲ ಹಂಚಿನ ಮುಂದೆ ಕೂರುವವಳ ಅಂಗೈ ಇದು. ರೊಟ್ಟಿ ಹಾಕಬಹುದು, ಅಷ್ಟು ಕಾದಿತ್ತು. "ಈಗ ಚಾಲೂ ಮಾಡಿ ಇಟ್ಟೀರಿ ಹೌದಿಲ್ರಿ?" ಎಂದೆ. ಮಾಲೀಕರು ನಮ್ಮ ಮನೆಯವರ ಕಡೆ ತಿರುಗಿ, "ಇಲ್ರಿ ಸರ್, ಬಿಸಲಿಗೆ ಕಾದೈತಿ" ಎಂದರು. ಕೇಳಿದವಳು ನಾನು, ಉತ್ತರ ಅವರಿಗೆ! ಅದೂ ಬೇವಿನ ನೆರಳಿನಲ್ಲಿ ನಿಂತುಕೊಂಡು ಬಿಸಿಲಿನ ಮಾತು. ಚಾಲೂ ಮಾಡಿಸಿ, ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆಸಿದೆ. ಅನ್ನ ಕುದಿಯುವ ಪಾತ್ರೆಯಿಂದ ಹಬೆ ಬರುವ ಹಾಗೆ ಗುಪುಗುಪು ಹೊಗೆ ಬಂತು. ಎಂಜಿನ್ ಒಳಗೇ ಸವೆದಿದೆ ಎಂದರ್ಥ. ಅದನ್ನೇ ಹೇಳಿದೆ. ಮಾಲೀಕರು ಮತ್ತೆ ಅವರ ಕಡೆಗೇ ತಿರುಗಿ, "ಅಕ್ಕಾರ ಭಾಳ ಶಾಣ್ಯಾರ ಅದಾರ ಬಿಡ್ರಿ ಸರ್. ಮನ್ಯಾಗ ಹೆಂಗ ಸಂಭಾಳಸ್ತೀರಿ?" ಎಂದು ಹಲ್ಲು ಕಿಸಿದರು. ನಮ್ಮ ಮನೆಯವರು ಏನೆಂದರು ಗೊತ್ತೇ? "ಹ್ಞೂ" ಎಂದರು.

ತಾಳಿಕೋಟೆಯ ತನಕ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ತಾಳಿಕೋಟೆ ದಾಟಿದ ಮೇಲೆ ಸಿಂದಗಿಯ ತನಕ ಮತ್ತೊಬ್ಬರನ್ನು ಮಾತಾಡಲು ಬಿಡಲಿಲ್ಲ. "ಗಾಡಿ ನನ್ನ ಹೇಣ್ತೀದು, ಆಕೀನ ಹೊಡೀತಾಳ, ಆಕೀಗೆ ಹೇಳ್ರಿ ಅಂತ ಒಂದ ಮಾತು ನಿಮ್ಮ ಬಾಯಿಲೆ ಬರಂಗಿಲ್ಲೇನ್ರಿ?" ಎಂದೆ.

"ಹೇಳಾಕ ಬಾಯಿ ತೆರದೆ. ಅಷ್ಟರಾಗ ಅಂವ ಚಹಾ ಕೊಟ್ಟ" ಎಂದರು.

"ಇನ್ನ ಮ್ಯಾಲೆ ಗಾಡಿ ನೋಡಾಕ ಬಂದಾಗ ನೀವು ಬಾಯಿ ತೆರೆಯೂದ ಬ್ಯಾಡ. ಹ್ಞೂ ಸೈತ ಅನ್ನಬ್ಯಾಡ್ರಿ."

ಅವರು ಒಪ್ಪಿದರು. ಒಪ್ಪಿ, ಕೊನೆಯದಾಗಿ ಎನ್ನುವಂತೆ ಒಂದು ಮಾತು ಆಡಿದರು: "ಎಂಜಿನ್ ಏನಂತೈತಿ ಅಂತ ಎಷ್ಟ ಕೇಳ್ತಿ? ಒಮ್ಮಿ ರೊಟ್ಟಿ ಏನಂತಾವ ಕೇಳು." ಅವರು ಹೇಳಿದ್ದು ಚೇಷ್ಟೆಗೆ. ಆದರೆ ಸಿಟ್ಟಿನಲ್ಲಿದ್ದ ನನಗೆ ಅದು ಹೊಳೆದ ಹಾಗೆ ಅವರಿಗೂ ಹೊಳೆದಿರಲಿಲ್ಲ. ಸರಿಯೇ ಅಲ್ಲವೇ? ಗಾಡಿ ಕೊಳ್ಳುತ್ತಿರುವುದೇ ರೊಟ್ಟಿ ಒಡೆಯಬಾರದೆಂದು. ಇನ್ನು ಪರೀಕ್ಷೆಗೆ ರೊಟ್ಟಿಗಿಂತ ದೊಡ್ಡ ಮೇಸ್ತ್ರಿ ಬೇಕೆ?

ಬಸವನ ಬಾಗೇವಾಡಿಯಲ್ಲಿ ನಮ್ಮ ರೊಟ್ಟಿ ಇಟ್ಟು ಮಾರುವ ಅಂಗಡಿಯವರು, ಕೊಲ್ಹಾರದಲ್ಲಿ ಮೊಸರು ಸಾಗಿಸುವ ಪಿಕಪ್ ಒಂದು ಮಾರಾಟಕ್ಕಿದೆ ಎಂದು ನಂಬರು ಕೊಟ್ಟರು. ಫೋನ್ ಎತ್ತಿದ್ದು ಗಂಡಸು. "ಬರ್ರಿ ಅಕ್ಕಾರ, ನೋಡ್ಕೊಂಡ ಹೋಗ್ರಿ" ಎಂದರು. ನನ್ನ ಜೊತೆ ನೆಟ್ಟಗೆ ಮಾತಾಡಿದ ಮೊದಲನೆಯ ಮನುಷ್ಯ! ಒಂದು ಬುಟ್ಟಿ ರೊಟ್ಟಿ, ಬಾಯಿ ಮುಚ್ಚಿದ ಗಂಡ, ಎರಡನ್ನೂ ಕಟ್ಟಿಕೊಂಡು ಹೊರಟೆ. ಕೊಲ್ಹಾರದ ಹೊಸ ಊರಿನಲ್ಲಿ ಮನೆ ಸಿಕ್ಕಿತು. ಅಂಗಳದಲ್ಲಿ ಗಾಡಿ. ಒಬ್ಬ ಹೆಣ್ಣುಮಗಳು ಒದ್ದೆ ಅರಿವೆಯಿಂದ ಅದರ ಮುಂದಿನ ಗಾಜು ಒರೆಸುತ್ತಿದ್ದಳು. ಒಳಗಿನಿಂದ ಕೊರಳಲ್ಲಿ ಟೇಪು ಹಾಕಿಕೊಂಡು, ಫೋನ್ ಎತ್ತಿದ್ದ ಆಕೆಯ ಗಂಡ ಹೊರಗೆ ಬಂದರು, ಟೇಲರ್ ಕೆಲಸದವರು. ಆಕೆಗೆ ಒಂದು ನಗೆ ಕೊಟ್ಟು ನಾನು ಟೇಲರಣ್ಣನ ಹತ್ತಿರ ಹೋಗಿ, ಎಂಜಿನ್ ತಣ್ಣಗಿದೆಯೇ, ಎಷ್ಟು ವರ್ಷದ ಗಾಡಿ, ಯಾಕೆ ಮಾರುತ್ತೀರಿ ಎಂದು ಒಂದೇ ಸಮನೆ ಕೇಳಿದೆ. ಅವರು ಪ್ರತಿಯೊಂದಕ್ಕೂ ಹೆಂಡತಿಯ ಮುಖ ನೋಡಿ, "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಪಾಪ, ಹೆಂಡತಿಗೆ ಹೆದರುವ ಮನುಷ್ಯ ಎಂದುಕೊಂಡೆ.

ಆಕೆ ಗಾಜು ಒರೆಸುವುದನ್ನು ಬಿಟ್ಟು ಬಂದಳು. "ಅಕ್ಕಾರ, ಮೊದಲ ಹೇಳಿಬಿಡ್ತೇನ್ರಿ, ಪಾಟಾ ಸವದೈತಿ" ಎಂದಳು.

"ಉಳಿ ಹೊಡಸ್ರಿ" ಎಂದೆ. ಅರೆಯುವ ಕಲ್ಲು ನುಣ್ಣಗಾದರೆ ಉಳಿ ಹೊಡೆಸಿದರಾಯಿತು. ಇಷ್ಟು ಸಣ್ಣ ಮಾತಿಗೆ ವ್ಯವಹಾರದ ನಡುವೆ ಬಾಯಿ ಹಾಕುತ್ತಾಳಲ್ಲ ಎನಿಸಿತು. ಆಕೆ ಕಣ್ಣು ಪಿಳಿಪಿಳಿ ಬಿಟ್ಟಳು. ನಮ್ಮ ಮನೆಯವರು ಕೆಮ್ಮಿದರು. ನಾನು ಅವರ ಕಡೆ ಒಂದು ನೋಟ ಬೀರಿದೆ, ಕೆಮ್ಮು ನಿಂತಿತು.

ಕೀಲಿ ಆಕೆಯ ಸೆರಗಿನ ಗಂಟಿನಲ್ಲಿತ್ತು. ಗಂಡಸರು ತಮ್ಮ ಸಾಮಾನನ್ನೆಲ್ಲ ಹೆಂಡತಿಯ ಹತ್ತಿರ ಕೊಟ್ಟು ನಿಶ್ಚಿಂತರಾಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಕೀಲಿ ತೆಗೆದುಕೊಂಡು ಹತ್ತಿ ಕೂತೆ. ಏನು ಹೇಳಲಿ, ಸೀಟು ನನಗೆ ಅಳತೆ ತೆಗೆದು ಮಾಡಿಸಿದಂತಿತ್ತು! ಬೇರೆ ಗಾಡಿಯಲ್ಲಾದರೆ ಸೀಟು ಮುಂದೆ ಎಳೆದುಕೊಂಡರೂ ಕಾಲು ತುದಿಯಲ್ಲಿ ಕ್ಲಚ್ ಒತ್ತಬೇಕು. ಇಲ್ಲಿ ಕಾಲು ತಾನಾಗಿ ಹೋಗಿ ಕೂತಿತು. ಈ ಗಾಡಿ ನನಗಾಗಿಯೇ ಕಾದಿತ್ತು ಎಂದು ಮನಸ್ಸು ತುಂಬಿ ಬಂತು. ಚಾಲೂ ಮಾಡಿದೆ, ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಹೊಗೆಯಿಲ್ಲ, ಹಬೆಯಿಲ್ಲ. ರೊಟ್ಟಿ ಬುಟ್ಟಿಯನ್ನು ಹಿಂದೆ ಇಟ್ಟು, ಅದರ ಪಕ್ಕ ಗೋಣಿಚೀಲ ಹಾಸಿ ನಮ್ಮ ಮನೆಯವರನ್ನು ಕೂರಿಸಿದೆ. "ಬುಟ್ಟಿ ಮುಟ್ಟಬ್ಯಾಡ್ರಿ. ಬರೇ ನೋಡ್ರಿ" ಎಂದೆ. ಅಷ್ಟರಲ್ಲಿ ಆ ಹೆಣ್ಣುಮಗಳು ಕಿಟಕಿಯ ಹತ್ತಿರ ಬಂದು, "ಅಕ್ಕಾರ, ಒಂದ ಪಾಟಾ ತಗಸಿಬಿಟ್ಟೇನ್ರಿ, ಅದಕ್ಕ..." ಎಂದಳು.

"ಚಲೋ ಮಾಡೀರಿ ತಗೋರಿ. ಮಿಕ್ಸರ್ ಇದ್ದ ಮ್ಯಾಲೆ ಯಾಕ ಬೇಕು ಅದು?" ಎಂದು ಗಾಡಿ ಬಿಟ್ಟೆ.

ಹಿನ್ನೀರಿನ ಕಡೆಗೆ ಹೋಗುವ ತಗ್ಗುದಿನ್ನೆಯ ರಸ್ತೆ ಹಿಡಿದೆ. ಬೇಕೆಂದೇ ಒಂದು ತಗ್ಗನ್ನೂ ಬಿಡಲಿಲ್ಲ. ತೊಟ್ಟಿಲು ತೂಗಿದ ಹಾಗೆ ಹೋಯಿತು ಗಾಡಿ. ತಿರುಗಿ ಬಂದು ಬುಟ್ಟಿ ಬಿಚ್ಚಿದರೆ ಒಂದು ರೊಟ್ಟಿಯ ಅಂಚು ಕೂಡ ಮುಕ್ಕಾಗಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮುದ್ದೇಬಿಹಾಳದ ಖಾನಾವಳಿಯವರ ಮುಂದೆ ಇಡಿ ಇಡೀ ರೊಟ್ಟಿಯ ಪೆಟ್ಟಿಗೆ ಬಿಚ್ಚುವುದನ್ನು ಅಲ್ಲೇ ನಿಂತು ಕಂಡೆ. ಆಕೆ ಚಹಾ ತಂದಳು. ಚಹಾ ಕುಡಿಯುತ್ತಾ ಟೇಲರಣ್ಣನಿಗೆ ಸಿಂದಗಿಯ ಕಥೆ, ಮುದ್ದೇಬಿಹಾಳದ ಕಥೆ ಎರಡನ್ನೂ ಹೊಟ್ಟೆಯುರಿ ತೀರುವ ಹಾಗೆ ಹೇಳಿದೆ. "ಹೆಣ್ಣಮಕ್ಕಳಿಗೆ ಗಾಡಿ ತಿಳಿಯಂಗಿಲ್ಲ ಅಂತ ಮಾಡ್ಯಾರ್ರಿ ಇವರು! ಎದುರಿಗೆ ನಿಂತಾಕೀನ್ನ ಬಿಟ್ಟು ಗಂಡನ ಕೂಡ ಮಾತಾಡ್ತಾರ. ನಾಚಿಕಿ ಬ್ಯಾಡೇನ್ರಿ ಮನಶ್ಯಾರಿಗೆ?" ಎಂದೆ. ಅವರು ಹೆಂಡತಿಯ ಕಡೆ ನೋಡುತ್ತಾ, "ಹೌದ್ರಿ, ಹೌದ್ರಿ" ಎಂದರು. ಆಕೆ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದಳು. ಒಂದು ಕಟ್ಟು ರೊಟ್ಟಿ ಆಕೆಯ ಕೈಗಿಟ್ಟು, "ತಗೋರಿ ತಂಗಿ, ಒಳಗ ಇಡ್ರಿ" ಎಂದು ಹೇಳಿ ಟೇಲರಣ್ಣನ ಕಡೆ ತಿರುಗಿದೆ. "ಹೂಂ, ಅಣ್ಣಾರ, ರೇಟಿನ ಮಾತು ಆಡೂಣ."

"ಅದು ನನಗ ಗೊತ್ತಿಲ್ರಿ ಅಕ್ಕಾರ" ಎಂದರು ಅವರು. "ಆಕೀನ್ನ ಕೇಳ್ರಿ. ಗಾಡಿ ಆಕೀದು. ಆಕೀನ ಹೊಡೀತಾಳ, ಮೊಸರು ಹಾಕ್ಕೊಂಡು. ನಾ ಬರೇ ಜಂಪರ್ ಹೊಲೀತೇನಿ. ನನಗ ಸೈಕಲ್ ಸೈತ ನೆಟ್ಟಗ ಬರಂಗಿಲ್ಲ."

ಬಾಯೊಳಗಿನ ಚಹಾ ಬಾಯೊಳಗೇ ಉಳಿಯಿತು. ಸೆರಗಿನ ಕೀಲಿ, ನನ್ನ ಕಾಲಿಗೆ ಹೊಂದಿದ ಸೀಟು, ಒದ್ದೆ ಅರಿವೆ, ಎಲ್ಲವೂ ಸಾಲಾಗಿ ಬಂದು ನನ್ನ ಮುಂದೆ ನಿಂತವು. ಆಕೆ ಮಾತ್ರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚಲೋ ಇತ್ತು.

"ಅಕ್ಕಾರ, ನಾ ಗಾಡಿ ಪಾಟಾದ ಮಾತು ಹೇಳಾಕತ್ತಿದ್ದೆ" ಎಂದಳು. "ಮೊಸರಿನ ಗಡಗಿ ಅಲಗಾಡಬಾರದಂತ ಒಂದ ಪಾಟಾ ತಗಸೇನ್ರಿ, ಉಳದಾವು ಸವದಾವು. ಅದಕ್ಕ ಇಷ್ಟು ಮೆತ್ತಗ ಓಡತೈತಿ. ನಿಮ್ಮ ರೊಟ್ಟಿಗೆ ಏನೂ ಆಗಂಗಿಲ್ಲ, ಆದ್ರ ನಾಳೆ ಜ್ವಾಳದ ಚೀಲ ಭಾಳ ಹೇರಿದ್ರ ಗಾಡಿ ಕುಂಡಿ ಊರತೈತಿ. ಆಮ್ಯಾಲೆ ನೀವು ನನ್ನ ಬೈಬಾರದಲ್ರಿ? ನಾನೂ ದೊಡ್ಡ ಗಾಡಿ ತಗೋಳಾಕತ್ತೇನಿ, ಸುಳ್ಳ ಹೇಳಿ ಮಾರಾಕ ಮನಸಿಲ್ಲ." ಆಮೇಲೆ ಮೆಲ್ಲಗೆ, "ಉಳಿ ಹೊಡಸ್ರಿ ಅಂದ್ರಲ್ರಿ, ಅದ ತಿಳೀಲಿಲ್ಲ ನನಗ. ಪಾಟಾಕ್ಕ ಉಳಿ ಯಾಕ ಹೊಡಸಬೇಕು?" ಎಂದಳು.

ನಾನು ನಮ್ಮ ಮನೆಯವರ ಕಡೆ ತಿರುಗಿದೆ. "ನಿಮಗ ತಿಳದಿತ್ತೇನ್ರಿ?"

"ತಿಳದಿತ್ತು. ಪಾಟಾ ಅಂದ್ರ ಏನಂತ ಸಿಂದಗ್ಯಾಗ ನೀನ ಕಲಿಸಿದ್ದಿ" ಎಂದರು.

"ಮತ್ತ ಹೇಳಬಾರದೇನು?"

"ಬಾಯಿ ತೆರೀಬ್ಯಾಡ ಅಂದಿದ್ದಿ."

ಗಂಡಸರ ಬಾಯಲ್ಲಿ ಪಾಟಾ ಗಾಡಿಯದಾಗಿತ್ತು, ಹೆಣ್ಣುಮಗಳ ಬಾಯಲ್ಲಿ ಅದು ಚಟ್ನಿ ಅರೆಯುವ ಕಲ್ಲಾಗಿ ನನಗೆ ಕೇಳಿಸಿತು. ಹೂವಿನ ಡಿಜಾಯಿನ್ ತೋರಿಸಿದ ದಲಾಲನಿಗಾದರೂ ನಾನು ಯಾರೆಂದು ಗೊತ್ತಿರಲಿಲ್ಲ. ನನಗೆ ನಾನು ಗೊತ್ತಿದ್ದೆನಲ್ಲ! ಆ ದಿನ ಆಕೆ ಹೇಳಿದ ರೇಟಿಗೆ ನಾನು ಚೌಕಾಸಿ ಮಾಡಲಿಲ್ಲ. ಮಾಡುವ ಮುಖ ಇರಲಿಲ್ಲ.

ಗಾಡಿ ಈಗ ಇಂಡಿಯ ನಮ್ಮ ಅಂಗಳದಲ್ಲಿದೆ. ಪಾಟಾ ಹಾಗೆಯೇ ಬಿಟ್ಟಿದ್ದೇನೆ. ರೊಟ್ಟಿ ಇಡಿಯಾಗಿ ಮುದ್ದೇಬಿಹಾಳ ಮುಟ್ಟುತ್ತದೆ, ಶೆಡ್ಡಿನ ಒಲೆಗಳೆಲ್ಲ ಉರಿಯುತ್ತಿವೆ. ಡೀಸೆಲ್ ಹಾಕಿಸಲು ನಿಂತಾಗ ಮಾತ್ರ ಬಂಕಿನವನು ಸ್ಟೇರಿಂಗ್ ಹಿಡಿದು ಕೂತ ನನ್ನನ್ನು ಬಿಟ್ಟು, ಆ ಕಡೆ ಸುತ್ತಿಹೋಗಿ ನಮ್ಮ ಮನೆಯವರ ಕಿಟಕಿಯಲ್ಲಿ ಬಗ್ಗಿ, "ಎಷ್ಟ ಹಾಕ್ಲಿರಿ ಸರ್?" ಎನ್ನುತ್ತಾನೆ. ನನ್ನ ನೆತ್ತಿ ಈಗಲೂ ಬಿಸಿಯಾಗುತ್ತದೆ. ಈ ಗಂಡಸರಿಗೆ ಎದುರಿಗಿರುವ ಹೆಂಗಸು ಯಾಕೆ ಕಾಣುವುದಿಲ್ಲ ಎಂದು ಸಿಂದಗಿಯಿಂದ ಶುರುಮಾಡಿ ಮುದ್ದೇಬಿಹಾಳದ ಬೇವಿನ ಗಿಡದ ತನಕ ಬಂದಿರುತ್ತೇನೆ. ಆಗ ನಮ್ಮ ಮನೆಯವರು ಇಲ್ಲದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತಾ, ಬಹಳ ಮೃದುವಾಗಿ ಕೇಳುತ್ತಾರೆ: "ಉಳಿ ಹೊಡಸೂಣೇನು?"

ನಾನು ಬಾಯಿ ಮುಚ್ಚಿಕೊಂಡು ಗಾಡಿ ಚಾಲೂ ಮಾಡುತ್ತೇನೆ.